ಹದಿನಾಲ್ಕು ಎಂದು ಹೇಳಿದವರು

ಕಿರ್ಗಿಜ್ ನಾಡಿನ ತಾಯಿ-ಮಕ್ಕಳ ಆರೋಗ್ಯದ ಚರಿತ್ರೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯಹೊರಟರೆ, ರಾಜಧಾನಿಯ ದೊಡ್ಡ ದೊಡ್ಡ ಹೆಸರುಗಳ ನಡುವೆ ಸರಿ-ಬೆಲ್ ಎಂಬ ಗುಡ್ಡಗಾಡು ಜಿಲ್ಲೆಯ ವೈದ್ಯೆಯೊಬ್ಬರ ಹೆಸರಿಗೂ ಜಾಗ ಬಿಡಬೇಕಾಗುತ್ತದೆ. ಡಾಕ್ಟರ್ ಸೈರಾಕನ್ ಬೊರೊನ್‌ಬಾಯೆವ್ನಾ ಎಶಿಯೇವಾ ಅವರು ಹೊಸ ಔಷಧಿಯನ್ನೇನೂ ಕಂಡುಹಿಡಿದವರಲ್ಲ, ಪ್ರಬಂಧ ಬರೆದವರಲ್ಲ, ಹೊರದೇಶದ ಸಭೆಗಳಲ್ಲಿ ಹಾರ ಹಾಕಿಸಿಕೊಂಡವರೂ ಅಲ್ಲ. ಅವರು ಮಾಡಿದ್ದು ಎಣಿಸುವ ಕೆಲಸ. ಹುಟ್ಟಿದ ಮಕ್ಕಳನ್ನೂ ಹುಟ್ಟಿ ಸತ್ತ ಮಕ್ಕಳನ್ನೂ ಇದ್ದದ್ದು ಇದ್ದಂತೆ ಎಣಿಸಿ, ಬಂದ ಸಂಖ್ಯೆಯನ್ನು ಇದ್ದದ್ದು ಇದ್ದಂತೆ ಮೇಲಿನವರಿಗೆ ಹೇಳುವುದು ಒಂದು ಕಾಲಕ್ಕೆ ನಮ್ಮಲ್ಲಿ ಎಷ್ಟು ಅಪಾಯದ ಕೆಲಸವಾಗಿತ್ತೆಂಬುದು ಇಂದಿನ ತರುಣ ವೈದ್ಯರಿಗೆ ತಿಳಿಯದು. ತಿಳಿಯದಿರುವುದೇ ಅವರ ಪುಣ್ಯ, ಮತ್ತು ಆ ಪುಣ್ಯದಲ್ಲಿ ಈ ಮಹನೀಯರ ಪಾಲು ದೊಡ್ಡದು.

ಎಪ್ಪತ್ತು ತುಂಬಿ ನಿವೃತ್ತರಾಗುತ್ತಿರುವ ಅವರಿಗೆ ಅರ್ಪಿಸುವ ಈ ಸಂಪುಟಕ್ಕೆ ಲೇಖನ ಬರೆಯಬೇಕೆಂದು ಸಮಿತಿಯವರು ನನ್ನನ್ನು ಕೇಳಿದಾಗ ಒಂದು ಕಿವಿಮಾತನ್ನೂ ಹೇಳಿದರು: ಇದು ಸಂತೋಷದ ಸಂದರ್ಭ, ಸಂತೋಷದ ಸಂಗತಿಗಳನ್ನೇ ಬರೆಯಿರಿ. ನಾನು ಒಪ್ಪಿ ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ. ಆದರೆ ಸೈರಾಕನ್ ಅವರ ಸೇವಾ ಪುಸ್ತಕದಲ್ಲಿ ಹದಿನೈದು ವರ್ಷಗಳಿಂದ ಎರಡು ಸಾಲಿನ ಕಲೆಯೊಂದು ಕೂತಿದೆ. ಸುಳ್ಳು ಸಂಖ್ಯೆ ಕೊಟ್ಟದ್ದಕ್ಕಾಗಿ ತೀವ್ರ ವಾಗ್ದಂಡನೆ, ಮತ್ತು ಮುಖ್ಯ ವೈದ್ಯೆಯ ಹುದ್ದೆಯಿಂದ ವಜಾ. ಈ ವಸಂತದಲ್ಲಿ ಅವರಿಗೆ ಬರಬೇಕಾಗಿದ್ದ ಗೌರವ ವೈದ್ಯೆಯ ಬಿರುದು ಆ ಎರಡು ಸಾಲುಗಳ ದೆಸೆಯಿಂದಲೇ ತಪ್ಪಿತು. ಆ ಸುಳ್ಳು ಸಂಖ್ಯೆಯನ್ನು ಕೊಟ್ಟವರು ಯಾರೆಂಬುದು ಇಬ್ಬರಿಗೆ ಮಾತ್ರ ಗೊತ್ತು. ಅವರಿಬ್ಬರಲ್ಲಿ ಒಬ್ಬನಾದ ನಾನು ಅದನ್ನು ಇಲ್ಲಿ ಹೇಳದೆ ಹೋದರೆ, ಈ ಸಂಪುಟದ ಅಷ್ಟೂ ಹೊಗಳಿಕೆ ಹೊಟ್ಟು ಕುಟ್ಟಿದಂತೆ. ಹೀಗೆ ಬರೆಯುವಾಗ ಕೈ ಬೆವರುತ್ತಿರುವುದನ್ನು ಓದುಗರು ಮನ್ನಿಸಬೇಕು. ನಾನು ಹುಟ್ಟಾ ಪುಕ್ಕಲ.

ನಾನು ಸರಿ-ಬೆಲ್ ಆಸ್ಪತ್ರೆಯ ಅಂಕಿಅಂಶದ ಕೋಣೆಗೆ ಬಂದದ್ದು ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ. ಆಗ ಸೈರಾಕನ್ ಅವರು ಮಕ್ಕಳ ವಾರ್ಡಿನ ವೈದ್ಯೆ, ಮೂವತ್ತನಾಲ್ಕರ ಹರೆಯ, ಎರಡು ಜಡೆಗಳನ್ನು ತಲೆಯ ಸುತ್ತ ಬಿಗಿದು ಕಟ್ಟಿ, ಅದರ ಮೇಲೆ ಬಿಳಿ ಟೋಪಿ ಇಟ್ಟು ಅವರು ಓಣಿಯಲ್ಲಿ ನಡೆದು ಬಂದರೆ ದಾದಿಯರು ಮಾತು ನಿಲ್ಲಿಸುತ್ತಿದ್ದರು. ಕಾಗದದಲ್ಲಿ ಅವರು ಸೈರಾಕನ್ ಬೊರೊನ್‌ಬಾಯೆವ್ನಾ. ನಮ್ಮ ಬಾಯಲ್ಲಿ ಸೈರಾಕನ್ ಎಜೆ, ಎಂದರೆ ಸೈರಾಕನ್ ಅಕ್ಕ. ಗಂಭೀರ ಮುಖದ ಈ ಹೆಂಗಸಿಗೆ ನಾಯಿಗಳೆಂದರೆ ಪ್ರಾಣಭಯ ಎಂಬುದು ಮೊದಲ ವಾರದಲ್ಲೇ ನನಗೆ ಗೊತ್ತಾಗಿ ಸ್ವಲ್ಪ ಧೈರ್ಯ ಬಂದಿತು. ಹಳ್ಳಿಗಳಿಗೆ ಹೋಗುವಾಗ ಕುರಿ ಕಾಯುವ ನಾಯಿಗಳಿಗೆಂದು ಕೋಟಿನ ಎರಡೂ ಜೇಬುಗಳಲ್ಲಿ ಒಣ ರೊಟ್ಟಿಯ ಚೂರು ತುಂಬಿಕೊಂಡು ಹೊರಡುತ್ತಿದ್ದರು. ನಾಯಿ ಬೊಗಳಿದರೆ ಮುಖ ಸುಣ್ಣದಂತೆ ಬೆಳ್ಳಗಾಗುತ್ತಿತ್ತು. ಆದರೂ ಮನೆಯ ಬಾಗಿಲು ತಟ್ಟದೆ ಹಿಂದಿರುಗಿದ್ದನ್ನು ನಾನೆಂದೂ ನೋಡಿಲ್ಲ.

ಆ ಕಾಲದ ಒಂದು ಲೆಕ್ಕಾಚಾರವನ್ನು ಇಲ್ಲಿ ಹೇಳಲೇಬೇಕು. ಸೋವಿಯತ್ ಕಾನೂನಿನ ಪ್ರಕಾರ ಒಂದು ಕಿಲೋಗಿಂತ ಕಡಿಮೆ ತೂಗುವ ಕೂಸು ಹುಟ್ಟಿದರೆ ಅದು ಏಳು ದಿನ ಬದುಕಿ ತೋರಿಸಬೇಕಾಗಿತ್ತು. ಬದುಕಿದರೆ ಮಗು, ಆರನೆಯ ದಿನ ಸತ್ತರೆ ಅದು ಹುಟ್ಟೂ ಅಲ್ಲ, ಸಾವೂ ಅಲ್ಲ, ತಡವಾಗಿ ಆದ ಗರ್ಭಪಾತ. ರಿಜಿಸ್ಟರಿನಲ್ಲಿ ಒಂದು ಸಾಲು, ಅಷ್ಟೇ. ಶಿಶುಮರಣದ ಸಂಖ್ಯೆ ಪ್ರತಿವರ್ಷ ಇಳಿಯಲೇಬೇಕೆಂದು ಮೇಲಿನಿಂದ ಆಜ್ಞೆ ಇರುತ್ತಿದ್ದುದರಿಂದ ಈ ಸಾಲು ಎಲ್ಲರಿಗೂ ಅನುಕೂಲವಾಗಿತ್ತು. ಕಿಲೋ ಮೀರಿದ ಕೂಸುಗಳನ್ನೂ ತಕ್ಕಡಿಯ ಮುಳ್ಳನ್ನು ಒಂಚೂರು ಹಿಂದೆ ಓದಿ ಅದರೊಳಗೆ ತುರುಕುತ್ತಿದ್ದರು. ಹಾಗೆ ನಾನೂ ಬರೆದಿದ್ದೇನೆ. ಎಜೆಯೂ ಬರೆದಿದ್ದಾರೆ. ಅಭಿನಂದನೆಯ ಮಾತಿನ ನಡುವೆ ಇದನ್ನು ಹೇಳುತ್ತಿರುವುದು ಅವರಿಗೆ ಇಷ್ಟವಾಗುತ್ತದೆಂದೇ ಹೇಳುತ್ತಿದ್ದೇನೆ, ಏಕೆಂದರೆ ತಾನು ಸಂತಳಾಗಿದ್ದೆ ಎಂದು ಅವರು ಯಾವತ್ತೂ ಹೇಳಿಕೊಂಡವರಲ್ಲ.

ಸೋವಿಯತ್ ಒಕ್ಕೂಟ ಒಡೆದು ಚೂರಾದ ಮೇಲಿನ ಚಳಿಗಾಲಗಳನ್ನು ದಾಟಿದವರಿಗೆ ಸೈರಾಕನ್ ಎಜೆಯ ಹೆಸರು ಹೇಳಿದರೆ ಕಣ್ಣು ತೇವವಾಗುತ್ತದೆ. ತೊಂಬತ್ತಮೂರರಲ್ಲಿ ಆಸ್ಪತ್ರೆಯ ಬಿಸಿನೀರಿನ ಕೊಳವೆಗಳು ಒಡೆದುಹೋದಾಗ ಅವರು ತಮ್ಮ ಮನೆಯ ಕಬ್ಬಿಣದ ಒಲೆಯನ್ನೇ ಕಿತ್ತು ತಂದು ಹೆರಿಗೆ ಕೋಣೆಯಲ್ಲಿ ನಿಲ್ಲಿಸಿದರು. ತಾವು ಆ ಚಳಿಗಾಲವನ್ನು ತಂಗಿಯ ಮನೆಯಲ್ಲಿ ಕಳೆದರು. ಗಂಟಲಮಾರಿ ಹಬ್ಬಿದ ವರ್ಷ ಲಸಿಕೆಯ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಜೇಬಿನಲ್ಲಿ ರೊಟ್ಟಿ ಚೂರು ತುಂಬಿಕೊಂಡು ಹತ್ತೊಂಬತ್ತು ಹಳ್ಳಿ ಸುತ್ತಿದರು. ನನ್ನ ಮಗಳಿಗೆ ಆಗ ಎಂಟು ವರ್ಷ. ಅವಳ ಗಂಟಲಲ್ಲಿ ಬೂದುಬಣ್ಣದ ಪೊರೆ ಕಂಡ ಬೆಳಿಗ್ಗೆ ನಾನು ಗೋಡೆಗೆ ಆತು ಕೂತುಬಿಟ್ಟಿದ್ದೆ. ಎಜೆ ಬಂದು ಇದ್ದ ಕೊನೆಯ ಸೀರಮ್ ಚುಚ್ಚಿ, ಮೂರು ದಿನ ಅವಳ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಇಂದು ನನ್ನ ಮಗಳೂ ವೈದ್ಯೆ. ಹೀಗೆ ಅವರ ಋಣ ನನ್ನ ಮನೆಯೊಳಗೇ ಓಡಾಡಿಕೊಂಡಿದೆ ಎಂಬುದನ್ನು ಮುಂದಿನದನ್ನು ಓದುವಾಗ ನೆನಪಿಟ್ಟುಕೊಳ್ಳಬೇಕು.

ತೊಂಬತ್ತೇಳರ ಹೊತ್ತಿಗೆ ಸುಧಾರಣೆ ಬಂದಿತು. ಅರ್ಧ ಹಾಸಿಗೆಗಳನ್ನು ಮುಚ್ಚಿ, ಕುಟುಂಬ ವೈದ್ಯರ ತಂಡಗಳನ್ನು ಕಟ್ಟಬೇಕಿತ್ತು. ಜಿಲ್ಲೆಯ ಮುಖ್ಯ ವೈದ್ಯೆಯಾಗಿದ್ದ ಎಜೆ ತಾವು ಹದಿನೈದು ವರ್ಷ ದುಡಿದ ವಾರ್ಡಿಗೆ ತಾವೇ ಬೀಗ ಹಾಕಿದರು. ಸಭೆಯಲ್ಲಿ ಮುದುಕರೊಬ್ಬರು ಎದ್ದು ನಿಂತು, “ಹಾಸಿಗೆ ಮುಚ್ಚಿದ್ರೆ ಕಾಯಿಲೆನೂ ಮುಚ್ಚಿಕೊಂಡು ಹೋಗುತ್ತೇನಮ್ಮ?” ಎಂದು ಕೇಳಿದಾಗ ಎಲ್ಲರೂ ನಕ್ಕರು. ಎಜೆಯೂ ನಕ್ಕರು. ಮರುದಿನದಿಂದ ಆ ಮುದುಕರ ಹಳ್ಳಿಯಲ್ಲೇ ಮೊದಲ ತಂಡ ಕೂತಿತು.

ಇಷ್ಟು ಹೇಳಿ ಎರಡು ಸಾವಿರದ ನಾಲ್ಕನೆಯ ಇಸವಿಗೆ ಬರುತ್ತೇನೆ. ಬಾರದೆ ಗತಿಯಿಲ್ಲ.

ಆ ವರ್ಷದ ಜನವರಿಯಿಂದ ನಮ್ಮ ದೇಶ ಹಳೆಯ ಲೆಕ್ಕವನ್ನು ಕೈಬಿಟ್ಟು ಲೋಕವೆಲ್ಲ ಒಪ್ಪಿದ ಲೆಕ್ಕವನ್ನು ಹಿಡಿಯಿತು. ಅರ್ಧ ಕಿಲೋ ತೂಗುವ ಕೂಸೇ ಆಗಲಿ, ಉಸಿರಾಡಿದರೆ, ಎದೆ ಬಡಿದುಕೊಂಡರೆ, ಕೈಕಾಲು ಆಡಿಸಿದರೆ ಅದು ಹುಟ್ಟಿದ ಮಗು. ಗಂಟೆಯೊಳಗೆ ಸತ್ತರೂ ಅದು ಒಂದು ಸಾವು. ಕಾಗದದ ಮೇಲೆ ಕಾನೂನು ಬದಲಾಯಿತು. ಆದರೆ ಪ್ರಾಂತ್ಯದ ಆರೋಗ್ಯಾಧಿಕಾರಿ ಕಮ್ಚಿಬೆಕ್ ಒರೊಜೊವಿಚ್ ಅವರು ಬದಲಾಗಲಿಲ್ಲ. ಸಂಖ್ಯೆ ಏರಿಸಿಕೊಂಡು ಬಂದ ಮುಖ್ಯ ವೈದ್ಯರ ಕುರ್ಚಿ ಖಾಲಿಯಾಗುವುದೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅವರ ಆಡಳಿತ ನಡೆಯುತ್ತಿದ್ದುದು ಪ್ರತಿ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಸೆಲೆಕ್ಟರ್ ಎಂದು ನಾವು ಕರೆಯುತ್ತಿದ್ದ ಕರೆಯಲ್ಲಿ. ಮೇಜಿನ ಮೇಲೊಂದು ಕಪ್ಪು ಪೆಟ್ಟಿಗೆ. ಅದರೊಳಗಿಂದ ಅವರ ದನಿ ಎಂಟೂ ಜಿಲ್ಲೆಗಳಿಗೆ ಏಕಕಾಲದಲ್ಲಿ ಕೇಳುತ್ತಿತ್ತು. ಒಬ್ಬರು ಬೈಸಿಕೊಳ್ಳುವುದನ್ನು ಉಳಿದ ಏಳು ಜಿಲ್ಲೆಯವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಹೆಸರು ಕೂಗಿದ ಕೂಡಲೇ ಮುಖ್ಯ ವೈದ್ಯರು ಎದ್ದು ನಿಲ್ಲುತ್ತಿದ್ದರು. ಪೆಟ್ಟಿಗೆಗೆ ಕಣ್ಣಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಕೂತು ಉತ್ತರ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎಜೆ ಆ ದಿನ ಬೆಳಿಗ್ಗೆಯೇ ಮನಸ್ಸಿನ ಅಳುಕು ಇಳಿಸುವ ವಲೇರಿಯನ್ ಹನಿಗಳನ್ನು ಸಕ್ಕರೆಯ ಮೇಲೆ ಹಾಕಿ ಚೀಪುತ್ತಿದ್ದರು. ಗುರುವಾರವೆಂದರೆ ಇಡೀ ಕಚೇರಿಗೆ ಆ ವಾಸನೆ. ಬಾಗಿಲ ಬಳಿ ಮೂಲೆಯಲ್ಲಿ ಪುಟ್ಟದೊಂದು ಚೀಲವಿತ್ತು: ಉಣ್ಣೆಯ ಕಾಲುಚೀಲ, ಸಾಬೂನು, ಚಹಾಪುಡಿ. ಅವರ ಅಜ್ಜನನ್ನು ಸಾವಿರದ ಒಂಬೈನೂರ ಮೂವತ್ತೇಳರ ಬಂಧನಗಳ ಕಾಲದಲ್ಲಿ ಹೊಲದಿಂದಲೇ ಎಳೆದುಕೊಂಡು ಹೋಗಿದ್ದರಂತೆ, ಬರಿಗಾಲಲ್ಲಿ. “ಹೋಗೋದೇ ಆದ್ರೆ ಕಾಲುಚೀಲ ಹಾಕ್ಕೊಂಡಾದ್ರೂ ಹೋಗ್ತೀನಪ್ಪ,” ಎಂದು ನಗುತ್ತಾ ಹೇಳುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಫೆಬ್ರವರಿಯ ಕೊನೆಯಲ್ಲಿ ಒಂದು ಮಧ್ಯಾಹ್ನ ಉಮ್ಸುನಾಯ್ ಎಂಬ ಅಜ್ಜಿ ಕಚೇರಿಗೆ ಬಂದಳು. ಮೇಲಿನ ಕಣಿವೆಯ ಕುರಿಗಾಹಿಗಳ ಮನೆಯವಳು. ಅವಳ ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ ಎಂಟುನೂರ ತೊಂಬತ್ತು ಗ್ರಾಮಿನ ಗಂಡುಕೂಸು ಮೂರು ದಿನ ಬದುಕಿ ಹೋಗಿತ್ತು. ಅಜ್ಜಿ ಮದ್ದು ಕೇಳಲು ಬಂದಿರಲಿಲ್ಲ, ಜಗಳಕ್ಕೂ ಬಂದಿರಲಿಲ್ಲ. ಒಂದು ಕಾಗದವನ್ನು ಮೇಜಿನ ಮೇಲಿಟ್ಟಳು.

“ಮಗಳೇ, ಇದ್ರಲ್ಲಿ ಏನು ಬರ್ದಿದಾರೆ ಓದು.”

ಎಜೆ ಕಾಗದವನ್ನು ಕೈಗೆತ್ತಿಕೊಂಡು ಓದಿದರು. ಸೂಲಗಿತ್ತಿ ಹಳೆಯ ಅಭ್ಯಾಸಬಲದಿಂದ ಗರ್ಭಪಾತ ಎಂದು ಬರೆದಿದ್ದಳು.

“ಮಸೀದಿ ಮುಲ್ಲಾನ ಕರೆಸಿ ಕಿವೀಲಿ ಹೆಸರು ಹೇಳ್ಸಿದೀನಿ ಕಣಮ್ಮ. ತೊಕ್ತೊಸುನ್ ಅಂತ. ನಿಲ್ಲಲಿ, ಹೋಗದೇ ಇರಲಿ ಅಂತ ಇಟ್ಟ ಹೆಸರು. ನಿಲ್ಲಲಿಲ್ಲ, ಅದು ಬೇರೆ ಮಾತು. ಆದ್ರೆ ಜಾರಿಹೋದ ಬಸುರಿಗೆ ಯಾರಾದ್ರೂ ಹೆಸರಿಡ್ತಾರಾ? ಮೂರು ದಿನ ನನ್ನ ಬೆರಳು ಹಿಡ್ಕೊಂಡಿತ್ತು. ನನ್ನ ಸೊಸೆ ಕೇಳ್ತಾಳೆ, ಅತ್ತೇ, ನಾನು ಹೆತ್ತಿದ್ದು ನಿಜಾನಾ ಅಂತ. ಏನಂತ ಹೇಳ್ಲಿ?”

ಅಜ್ಜಿ ಹೋದ ಮೇಲೆ ಎಜೆ ಬಾಗಿಲು ಹಾಕಿ ಬಂದು ಕೂತರು. ಆಮೇಲೆ ನನಗೊಂದು ಸಂಗತಿ ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥದೇ ಒಂದು ಹೆಣ್ಣುಕೂಸನ್ನು ಬಿಸಿಯಿಲ್ಲದ ಕೋಣೆಯ ಮೇಜಿನ ಮೇಲೆ ಬಿಟ್ಟಿದ್ದರಂತೆ; ಏಳು ದಿನ ಹೇಗೂ ದಾಟುವುದಿಲ್ಲವೆಂದು. ಇವರು ಅದನ್ನು ತಮ್ಮ ರವಿಕೆಯೊಳಗೆ, ಮೈಗೆ ಹತ್ತಿಸಿ ಐದು ಗಂಟೆ ಇಟ್ಟುಕೊಂಡು ಕೂತಿದ್ದರಂತೆ. ಸತ್ತ ಮೇಲೆ ಹಿರಿಯ ವೈದ್ಯರು ಹೇಳಿದಂತೆ ಗರ್ಭಪಾತ ಎಂದು ಇವರೇ ಬರೆದರಂತೆ.

“ಬರ್ದೆ ಮೆದೆರ್. ಮೈಮೇಲೆ ಅದರ ಬಿಸಿ ಇನ್ನೂ ಇತ್ತು, ಬರ್ದೆ,” ಎಂದು ನನ್ನ ಹೆಸರು ಹಿಡಿದು ಹೇಳಿದರು.

ಮಾರ್ಚ್ ತಿಂಗಳಿಡೀ ನಾವಿಬ್ಬರೂ ಹಿಮದಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ ಆರೋಗ್ಯ ಕೇಂದ್ರಗಳ ಹೆರಿಗೆ ರಿಜಿಸ್ಟರುಗಳನ್ನು ಬಿಡಿಸಿ ನೋಡಿದೆವು. ಎಜೆ ಒಬ್ಬೊಬ್ಬ ಸೂಲಗಿತ್ತಿಯನ್ನೂ ಎದುರು ಕೂರಿಸಿಕೊಂಡು, ಬೈಯದೆ, ಒಂದೇ ಪ್ರಶ್ನೆ ಕೇಳುತ್ತಿದ್ದರು: “ಅತ್ತಿತ್ತಾ?” ಹೆಂಗಸರು ಮೊದಲು ಇಲ್ಲವೆನ್ನುತ್ತಿದ್ದರು, ಆಮೇಲೆ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿನ ವರ್ಷ ಜನವರಿಯಿಂದ ಮಾರ್ಚಿನವರೆಗಿನ ಮೂರು ತಿಂಗಳಿಗೆ ನಾವು ಕಳಿಸಿದ್ದ ಶಿಶುಮರಣದ ಸಂಖ್ಯೆ ಐದು. ಈ ಸಲ ಹಳೆಯ ರೀತಿಯಲ್ಲಿ ಎಣಿಸಿದರೂ ಐದೇ. ಹೊಸ ರೀತಿಯಲ್ಲಿ ಮತ್ತೆ ಒಂಬತ್ತು ಕೂಸುಗಳು ಸೇರಿ ಹದಿನಾಲ್ಕು. ತೊಕ್ತೊಸುನ್ ಅವುಗಳಲ್ಲಿ ಒಬ್ಬ. ಎಜೆ ವರದಿಗೆ ಸಹಿ ಹಾಕಿ, ನನ್ನ ಕಡೆಗೆ ತಳ್ಳಿ, “ಫೋನಲ್ಲಿ ಹೇಳಿಬಿಡು, ಕಾಗದ ಟಪಾಲಿನಲ್ಲಿ ಹೋಗಲಿ,” ಎಂದರು.

ಮೊದಲು ಫೋನಿನಲ್ಲಿ ಸಂಖ್ಯೆ, ವಾರದ ಮೇಲೆ ಕಾಗದ. ನಮ್ಮಲ್ಲಿ ಇದು ಲಾಗಾಯ್ತಿನಿಂದ ಬಂದ ರೂಢಿ, ಮತ್ತು ಅದಕ್ಕೊಂದು ಒಳಗುಟ್ಟಿತ್ತು. ಫೋನಿನಲ್ಲಿ ಹೇಳಿದ ಸಂಖ್ಯೆ ಮೇಲಿನವರಿಗೆ ರುಚಿಸದಿದ್ದರೆ ಕಾಗದ ಹೊರಡುವ ಮೊದಲು ತಿದ್ದಿಕೊಳ್ಳಲು ಒಂದು ವಾರ ಸಿಗುತ್ತಿತ್ತು. ಫೋನಿಗೆ ಹೇಳಿದ್ದೇ ನಿಜ, ಕಾಗದ ಅದರ ನೆರಳು. ಎಜೆ ಹೆರಿಗೆ ಕೋಣೆಗೆ ಹೋದ ಮೇಲೆ ನಾನು ನಂಬರು ಒತ್ತಿದೆ. ಆ ಕಡೆಯಿಂದ ಪ್ರಾಂತ್ಯದ ಕಚೇರಿಯ ಗುಮಾಸ್ತೆ ನನ್ನ ದನಿ ಗುರುತಿಸಿ, ಅಣ್ಣ ಎಂಬರ್ಥದ ಬೈಕೆ ಸೇರಿಸಿ ಕೇಳಿದಳು:

“ಮೆದೆರ್ ಬೈಕೆ, ನಿಮ್ಮದಾದ್ರೂ ಸರಿಯಾಗಿದೆಯೋ ಇಲ್ವೋ? ಬೆಳಿಗ್ಗೆಯಿಂದ ಬಂದಿದ್ದೆಲ್ಲ ಏರಿದೆ. ದೊಡ್ಡವರು ಬೆಂಕಿ ಕಾರ್ತಿದಾರೆ. ಪಕ್ಕದ ಜಿಲ್ಲೆಯವರ ಫೈಲು ಪ್ರಾಸಿಕ್ಯೂಟರಿಗೆ ಕಳಿಸ್ತೀನಿ ಅಂದ್ರು. ಹೂಂ, ಹೇಳಿ, ಎಷ್ಟು?”

ಮಗಳು ರಾಜಧಾನಿಯ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದಳು. ನಾವಿದ್ದದ್ದು ಇಲಾಖೆ ಕೊಟ್ಟ ಮನೆ. ಬಾಗಿಲ ಬಳಿಯ ಆ ಚೀಲ ಕಣ್ಣಿಗೆ ಬಿತ್ತು. ಎಜೆಯನ್ನು ಉಳಿಸಲೆಂದು ಹಾಗೆ ಮಾಡಿದೆನೆಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ನಾನೊಬ್ಬನೇ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಒಳಗಿನಿಂದ ಯಾರೋ ಹೇಳಿದಂತಾಯಿತು.

“ಐದು,” ಎಂದೆ.

“ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಬೈಕೆ,” ಎಂದು ಅವಳು ಫೋನಿಟ್ಟಳು. ಎಜೆಯ ಸಹಿಯಿದ್ದ ಕಾಗದವನ್ನು ನಾನು ಟಪಾಲಿಗೆ ಹಾಕದೆ ಮೇಜಿನ ಒಳಖಾನೆಗೆ ಸೇರಿಸಿ ಬೀಗ ಹಾಕಿದೆ. ಅದು ಮಂಗಳವಾರ. ಎರಡು ದಿನದಲ್ಲಿ ಏನಾದರೊಂದು ದಾರಿ ಹೊಳೆಯುತ್ತದೆಂದುಕೊಂಡಿದ್ದೆ.

ಗುರುವಾರ ಒಂಬತ್ತಕ್ಕೆ ಪೆಟ್ಟಿಗೆ ಗುರುಗುಟ್ಟಿತು. ಕಮ್ಚಿಬೆಕ್ ಒರೊಜೊವಿಚ್ ಅವರು ಒಂದೊಂದೇ ಜಿಲ್ಲೆಯನ್ನು ಹಿಡಿದು ಝಾಡಿಸತೊಡಗಿದರು. ಒಬ್ಬ ಮುಖ್ಯ ವೈದ್ಯರನ್ನು, “ನಿನ್ನ ಕೈಗೆ ಕುರಿ ಕೊಟ್ಟಿದ್ರೂ ಇಷ್ಟು ಸಾಯ್ತಿರಲಿಲ್ಲವಲ್ಲೋ!” ಎಂದರು. ಇನ್ನೊಬ್ಬರು ಹೊಸ ಕಾನೂನಿನ ಮಾತೆತ್ತಿದಾಗ, “ಕಾನೂನು ನನಗೆ ಕಲಿಸ್ತೀಯಾ? ಕಾನೂನು ಓದೋಕೆ ಬೇರೆ ಕಡೆ ಜಾಗ ಕೊಡಿಸ್ತೀನಿ, ಇರು,” ಎಂದರು. ಎಜೆ ನನ್ನ ಪಕ್ಕದಲ್ಲಿ ಕೂತು ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಹದಿನಾಲ್ಕಕ್ಕೆ ಏನು ಬೀಳುತ್ತದೋ ಎಂದು ಅವರು ಕಾಯುತ್ತಿದ್ದರು. ನಾನು ಮತ್ತೊಂದಕ್ಕೆ ಕಾಯುತ್ತಿದ್ದೆ.

“ಸರಿ-ಬೆಲ್! ಸೈರಾಕನ್ ಬೊರೊನ್‌ಬಾಯೆವ್ನಾ!”

ಎಜೆ ಎದ್ದು ನಿಂತರು.

“ಎಲ್ಲರೂ ಕಿವಿಗೊಟ್ಟು ಕೇಳಿ. ಇಡೀ ಪ್ರಾಂತ್ಯದಲ್ಲಿ ಸಂಖ್ಯೆ ಏರದೇ ಇರೋದು ಈ ಒಂದು ಜಿಲ್ಲೇಲಿ. ಹೋದ ವರ್ಷ ಐದು, ಈ ವರ್ಷ ಐದು. ಒಬ್ಬ ಹೆಂಗಸು, ಹರಕು ಆಸ್ಪತ್ರೆ, ಆದ್ರೂ ಮಾಡಿ ತೋರ್ಸಿದಾರೆ. ನಾಚಿಕೆ ಆಗ್ಬೇಕು ನಿಮ್ಗೆಲ್ಲ. ಹೇಳಿ ಅಕ್ಕಾ, ಹೇಗೆ ಮಾಡಿದ್ರಿ ಅಂತ ಇವರಿಗೊಂಚೂರು ಹೇಳಿಕೊಡಿ.”

ಎಜೆ ತಿರುಗಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ಅವರಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು, ಅಷ್ಟೇ. ಅವರು ಸುಮ್ಮನಿದ್ದರೆ ಸಾಕಿತ್ತು. ಧನ್ಯವಾದ ಎಂದು ಕೂತುಬಿಟ್ಟಿದ್ದರೆ ಬಹುಮಾನ, ಬಿರುದು, ಹೊಸ ಆಂಬುಲೆನ್ಸು, ಎಲ್ಲವೂ ಬಾಗಿಲಿಗೇ ಬರುತ್ತಿತ್ತು. ನಾನು ಮನಸ್ಸಿನಲ್ಲೇ ಅವರ ಕಾಲಿಗೆ ಬಿದ್ದು ಬೇಡುತ್ತಿದ್ದೆ: ಸುಮ್ಮನಿರಿ ಎಜೆ, ಸುಮ್ಮನಿರಿ. ಅವರು ಕೈಯೂರಿ ಮೇಜನ್ನು ಹಿಡಿದುಕೊಂಡರು.

“ತಪ್ಪಾಗಿದೆ ಕಮ್ಚಿಬೆಕ್ ಒರೊಜೊವಿಚ್. ಐದಲ್ಲ. ಹದಿನಾಲ್ಕು.”

ಪೆಟ್ಟಿಗೆಯೊಳಗೆ ಯಾರೋ ಕೆಮ್ಮಿದ್ದು ಕೇಳಿಸಿತು.

“ಏನಂದ್ರಿ?”

“ಹದಿನಾಲ್ಕು. ಹೆಸರಿಟ್ಟ ಕೂಸುಗಳ ಹೆಸರೂ ಇದೆ, ಬೇಕಾದ್ರೆ ಓದ್ತೀನಿ.”

“ಮತ್ತೆ ಐದು ಅಂತ ಹೇಳಿದ್ದು ಯಾರು? ಯಾರ್ರೀ ಅದು? ನನ್ನನ್ನ ಕೋತಿ ಮಾಡೋಕೆ ಹೊರಟಿರೋನು ಯಾರು?”

ಎದ್ದು ನಿಲ್ಲಬೇಕೆಂದುಕೊಂಡೆ. ಏಳಲಿಲ್ಲ.

“ನಾನೇ,” ಎಂದರು ಎಜೆ. “ನಾನೇ ಹಾಗೆ ಹೇಳಿಸಿದ್ದು. ಹೆದರಿಕೆಯಾಗಿತ್ತು. ಈಗ ಸರಿ ಮಾಡ್ತಿದೀನಿ.”

ಆಮೇಲಿನ ಮೂರು ವಾರ ತನಿಖೆ ನಡೆಯಿತು. ಪ್ರಾಸಿಕ್ಯೂಟರನ ಕಡೆಯವರು ಬಂದು ರಿಜಿಸ್ಟರುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಹೋದರು. ಸೂಲಗಿತ್ತಿಯರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಪ್ರಶ್ನಿಸಿದರು. ಇಷ್ಟು ಕೂಸುಗಳು ಸತ್ತದ್ದು ಹೇಗೆ, ಕೊಂದವರು ಯಾರು ಎಂಬ ಧಾಟಿಯ ಪ್ರಶ್ನೆಗಳು. ಹೊರಗೆ ಕಾರು ನಿಂತ ಸದ್ದಾದರೆ ಇಡೀ ಕಚೇರಿ ಕೆಲಸ ನಿಲ್ಲಿಸುತ್ತಿತ್ತು. ಎಜೆ ದಿನಾಲೂ ಚೀಲ ಹಿಡಿದೇ ಕೆಲಸಕ್ಕೆ ಬಂದು ಚೀಲ ಹಿಡಿದೇ ಮನೆಗೆ ಹೋಗುತ್ತಿದ್ದರು. ನಾಲ್ಕನೆಯ ದಿನ ನಾನು ಅವರ ಕೋಣೆಗೆ ಹೋಗಿ, ಬಾಗಿಲು ಹಾಕಿ, ನಾನೇ ಹೋಗಿ ಹೇಳಿಬಿಡುತ್ತೇನೆಂದೆ. ಅವರು ತಲೆಯೆತ್ತದೆ ಬರೆಯುತ್ತಲೇ ಇದ್ದರು.

“ಈಗ ಬಾಯಿ ಬಿಟ್ರೆ ಇಬ್ಬರೂ ಹೋಗ್ತೀವಿ ಕಣೋ. ಸಂಖ್ಯೆ ನೋಡ್ಕೊಳ್ಳೋಕೆ ಇಲ್ಲಿ ಯಾರಿರ್ತಾರೆ? ಅವರಿಗೆ ಬೇಕಾದವನೊಬ್ಬ ಬಂದು ಕೂತ್ಕೋತಾನೆ, ಹದಿನಾಲ್ಕು ಮತ್ತೆ ಐದಾಗುತ್ತೆ.”

“ಎಜೆ, ನಿಮ್ಮನ್ನ ಜೈಲಿಗೆ ಹಾಕಿದ್ರೆ?”

“ಹಾಕಿದ್ರೆ ನನಗೆ ಭಯ ಆಗಲ್ಲ ಅಂದ್ಕೊಂಡಿದೀಯಾ? ಮೂರು ದಿನದಿಂದ ಅನ್ನ ಇಳೀತಿಲ್ಲ. ನೀನು ಹೆದರಿದ್ದಕ್ಕೆ ನಾನೇನೂ ಅಂದಿಲ್ಲವಲ್ಲ ತಮ್ಮಾ, ಹೆದರಬೇಡ ಅಂತ ಹೇಳೋಳಲ್ಲ ನಾನು. ಹೆದರು. ಆದ್ರೆ ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿನ್ನ ಕಿವಿ ಹಿಡ್ದು ಆ ಉಮ್ಸುನಾಯ್ ಅಜ್ಜಿ ಮುಂದೆ ನಿಲ್ಲಿಸ್ತೀನಿ. ಹೋಗು, ಆ ಕಾಗದ ಟಪಾಲಿಗೆ ಹಾಕು.”

ಹಾಕಿದೆ. ನಾನು ಎದ್ದು ಹೋಗಿ ಸತ್ಯ ಹೇಳದಿರಲು ಅವರ ಈ ಮಾತು ನನಗೊಂದು ನೆಪ ಕೊಟ್ಟಿತು. ಆ ನೆಪದೊಳಗೆ ನಾನು ಹದಿನೈದು ವರ್ಷ ಬೆಚ್ಚಗೆ ಕೂತೆ.

ತನಿಖೆಯಲ್ಲಿ ಯಾರ ಮೇಲೂ ಅಪರಾಧ ಸಿದ್ಧವಾಗಲಿಲ್ಲ. ಹದಿನಾಲ್ಕು ಎಂದದ್ದಕ್ಕೆ ಎಜೆಯನ್ನು ಶಿಕ್ಷಿಸಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಹೊಸ ಕಾನೂನು ಕೇಳಿದ್ದು ಅದನ್ನೇ. ಆದರೆ ಬಿಡುವ ಮನಸ್ಸು ಮೇಲಿನವರಿಗೆ ಇರಲಿಲ್ಲ. ಆಗ ಅವರ ಕಣ್ಣಿಗೆ ಬಿದ್ದದ್ದು ಆ ಐದು. ಸುಳ್ಳು ಸಂಖ್ಯೆ ಕೊಟ್ಟದ್ದನ್ನು ಈಕೆಯೇ ಎಂಟು ಜಿಲ್ಲೆಗಳ ಮುಂದೆ ಒಪ್ಪಿಕೊಂಡಿದ್ದಾಳಲ್ಲ! ಹೀಗೆ ಜಿಲ್ಲೆಯಲ್ಲಿ ನಿಜವಾದ ಸಂಖ್ಯೆಯನ್ನು ಮೊದಲು ಹೇಳಿದ ವೈದ್ಯೆಗೆ ಸುಳ್ಳು ಹೇಳಿದಳೆಂದು ಶಿಕ್ಷೆಯಾಯಿತು. ಅವರು ಹೇಳಿದ ಸತ್ಯವನ್ನು ಯಾರೂ ಮುಟ್ಟಲಾಗಲಿಲ್ಲ. ನಾನು ಹೇಳಿದ ಸುಳ್ಳು ಅವರ ಸೇವಾ ಪುಸ್ತಕದಲ್ಲಿ ಎರಡು ಸಾಲಾಗಿ ಕೂತಿತು.

ಹುದ್ದೆ ಕಳೆದುಕೊಂಡ ಮಾರನೆಯ ದಿನ ಅವರು ಹೆರಿಗೆ ಕೋಣೆಯ ಸಾಮಾನ್ಯ ವೈದ್ಯೆಯಾಗಿ ಕೆಲಸಕ್ಕೆ ಹಾಜರಾದರು. ಮೊದಲ ಕೆಲಸವಾಗಿ ಉಮ್ಸುನಾಯ್ ಅಜ್ಜಿಯ ಮನೆಗೆ ಹೋಗಿ, ನಾಯಿಗಳಿಗೆ ರೊಟ್ಟಿ ಎಸೆದು, ತೊಕ್ತೊಸುನ್‌ನ ಜನನಪತ್ರವನ್ನೂ ಮರಣಪತ್ರವನ್ನೂ ಸೊಸೆಯ ಕೈಗೆ ಕೊಟ್ಟು ಬಂದರು. ಆ ಹುಡುಗಿ ಮರಣಪತ್ರವನ್ನು ಪಕ್ಕಕ್ಕಿಟ್ಟು, ಜನನಪತ್ರವನ್ನು ಮಾತ್ರ ಮತ್ತೆ ಮತ್ತೆ ಓದಿದಳೆಂದು ಎಜೆ ಹೇಳಿದರು. ಮರುವರ್ಷ ನಮ್ಮ ಸಂಖ್ಯೆ ನೋಡಿದ ಹೊರಗಿನ ತಜ್ಞರು, ಇಷ್ಟು ಸಣ್ಣ ಕೂಸುಗಳು ಇಲ್ಲಿ ಹುಟ್ಟುತ್ತಿವೆಯೇ ಎಂದು ಕೇಳಿ, ಮೂರು ಬಿಸಿ ಮೇಜುಗಳನ್ನೂ ಉಸಿರಾಟದ ಒಂದು ಯಂತ್ರವನ್ನೂ ಕೊಡಿಸಿದರು. ಇಲ್ಲದ ಕೂಸುಗಳಿಗೆ ಯಾರು ಮೇಜು ಕೊಡುತ್ತಾರೆ? ತಾಯಂದಿರ ಎದೆಗೆ ಕೂಸನ್ನು ಹತ್ತಿಸಿ ಬೆಚ್ಚಗಿಡುವುದನ್ನು ಎಜೆ ಇನ್ನೂರಕ್ಕೂ ಹೆಚ್ಚು ಸೂಲಗಿತ್ತಿಯರಿಗೆ ಕೈಹಿಡಿದು ಕಲಿಸಿದರು. ಹೋದ ವರ್ಷ ನಮ್ಮ ಜಿಲ್ಲೆಯಲ್ಲಿ ಒಂದು ಕಿಲೋಗಿಂತ ಕಡಿಮೆ ತೂಕದ ಹನ್ನೊಂದು ಕೂಸುಗಳು ಹುಟ್ಟಿ, ಏಳು ಮನೆಗೆ ಹೋದವು. ಉಳಿದ ನಾಲ್ಕನ್ನೂ ಎಣಿಸಿದ್ದೇವೆ.

ಆ ನಡುವೆ ನಾನು ಉಪ ಮುಖ್ಯಸ್ಥನಾದೆ. ಈಗ ಏಳು ವರ್ಷಗಳಿಂದ ಅವರು ಬಿಟ್ಟು ಎದ್ದ ಕುರ್ಚಿಯಲ್ಲೇ ಕೂತಿದ್ದೇನೆ. ಸಂಖ್ಯೆಯನ್ನು ಮತ್ತೆಂದೂ ತಿದ್ದಿಲ್ಲ. ಕೇಳಿದವರಿದ್ದರು, ಗದರಿಸಿದವರೂ ಇದ್ದರು. ಪ್ರತಿ ಸಲವೂ ಹೆದರಿ, ಬೆವರಿ, ನಿಜವನ್ನೇ ಹೇಳಿದ್ದೇನೆ. ಆದರೆ ಆ ಒಂದು ನಿಜವನ್ನು ಹೇಳಲಿಲ್ಲ. ಎಜೆ ಹೆರಿಗೆ ಕೋಣೆಯಿಂದ ನನ್ನ ಕಚೇರಿಗೆ ಬಂದು ಸಹಿಗಾಗಿ ಕಾಗದ ಮುಂದಿಡುವಾಗ, ಜನರ ಎದುರು ನನ್ನನ್ನು ಮೆದೆರ್ ಸಾತಿಬಾಲ್ದಿಯೆವಿಚ್ ಎಂದು ಪೂರ್ತಿ ಹೆಸರಿನಿಂದ ಕರೆದು ನಿಂತುಕೊಂಡೇ ಮಾತಾಡುತ್ತಿದ್ದರು. ಕೂರಿ ಎಜೆ ಎಂದರೆ ಇರಲಿ ಎನ್ನುತ್ತಿದ್ದರು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಪ್ರಾಸಿಕ್ಯೂಟರನಿಗೂ ಯೋಚಿಸಲಾಗುತ್ತಿರಲಿಲ್ಲ. ಅವರು ಅದನ್ನು ಶಿಕ್ಷೆಯೆಂದು ಮಾಡಿರಲಿಲ್ಲ ಎಂಬುದು ಇನ್ನೂ ಕಷ್ಟ.

ಈ ಲೇಖನದಲ್ಲಿ ಏನು ಬರೆಯುತ್ತಿದ್ದೇನೆಂದು ಹೋದ ವಾರ ಅವರ ಮನೆಗೆ ಹೋಗಿ ಹೇಳಿದೆ. ಚಹಾ ಬಗ್ಗಿಸುತ್ತಿದ್ದವರು ಕೈ ತಡೆದರು.

“ಹುಚ್ಚು ಹಿಡೀತೇನೋ? ಪಿಂಚಣಿಗೆ ಇನ್ನೆರಡು ವರ್ಷ ಇದೆ ನಿನಗೆ. ಕಿತ್ತು ಹಾಕ್ತಾರೆ. ನನಗೆ ಈ ವಯಸ್ಸಲ್ಲಿ ಬಿರುದು ತಗೊಂಡು ಏನಾಗ್ಬೇಕು, ಗೋಡೆಗೆ ಮೊಳೆ ಹೊಡೆಯೋ ಶಕ್ತಿನೂ ಇಲ್ಲ.”

“ಬಿರುದಿಗಲ್ಲ ಎಜೆ.”

ಅವರು ನನ್ನ ಮುಖವನ್ನೇ ನೋಡಿದರು. ಎಣ್ಣೆಯಲ್ಲಿ ಕರಿದ ಬೋರ್ಸೋಕಿನ ತಟ್ಟೆಯನ್ನು ನನ್ನ ಕಡೆ ಸರಿಸಿ, “ತಿನ್ನು, ಬಣ್ಣವೇ ಇಲ್ಲ ಮುಖದಲ್ಲಿ,” ಎಂದರು. ಬೇಡವೆಂದು ಮತ್ತೆ ಹೇಳಲಿಲ್ಲ.

ಆದ್ದರಿಂದ ಸಂಪಾದಕ ಸಮಿತಿಯ ಮಾನ್ಯರು ಸಂತೋಷದ ಸಂದರ್ಭಕ್ಕೆ ಒಪ್ಪುವುದಿಲ್ಲವೆಂದು ಈ ಭಾಗವನ್ನು ಕತ್ತರಿಸುವುದಾದರೆ, ದಯಮಾಡಿ ಲೇಖನವನ್ನೇ ಪೂರ್ತಿಯಾಗಿ ಬಿಟ್ಟುಬಿಡಬೇಕೆಂದು ಕೋರುತ್ತೇನೆ. ಎರಡು ಸಾವಿರದ ನಾಲ್ಕನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಒಂಬತ್ತು ಮಕ್ಕಳು ಹುಟ್ಟಿಯೇ ಇಲ್ಲವೆಂದು ಫೋನಿನಲ್ಲಿ ಹೇಳಿದ್ದು ಡಾಕ್ಟರ್ ಸೈರಾಕನ್ ಎಶಿಯೇವಾ ಅಲ್ಲ. ಇಂದು ಸರಿ-ಬೆಲ್ ಜಿಲ್ಲೆಯ ಆರೋಗ್ಯ ಮುಖ್ಯಸ್ಥನಾಗಿರುವ ಮೆದೆರ್ ಸಾತಿಬಾಲ್ದಿಯೆವ್. ಇದೇ ಮಾತನ್ನು ಅರ್ಜಿಯಾಗಿ ಬರೆದು, ಸಹಿ ಮಾಡಿ, ಸೋಮವಾರ ರಾಜಧಾನಿಗೆ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ನಿದ್ದೆಯೂ ಬಂದಿಲ್ಲ.

ಪೂಜ್ಯ ಸೈರಾಕನ್ ಎಜೆಯವರು ಇನ್ನೂ ಬಹುಕಾಲ ಆರೋಗ್ಯದಿಂದ ಬಾಳಲಿ. ಕುರಿಗಾಹಿಗಳ ಬೇಸಿಗೆ ಬೀಡುಗಳಲ್ಲಿ ಹೆರಿಗೆ ಮಾಡಿಸುವ ಹೆಂಗಸರಿಗೆ ಪಾಠ ಹೇಳಲು ಮುಂದಿನ ತಿಂಗಳಿನಿಂದ ಹೊರಡುತ್ತೇನೆಂದು ಅವರು ಆಗಲೇ ಪಟ್ಟು ಹಿಡಿದಿದ್ದಾರೆ. ಆ ಕೆಲಸ ನಿರ್ವಿಘ್ನವಾಗಿ ನಡೆಯಲಿ, ಅಲ್ಲಿಯ ನಾಯಿಗಳು ಅವರ ಮೇಲೆ ದಯೆಯಿಡಲಿ. ನನ್ನ ಮಟ್ಟಿಗೆ ಅವರ ದೀರ್ಘಾಯುಷ್ಯದ ಹಾರೈಕೆಯಲ್ಲಿ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ಆ ಎರಡು ಸಾಲು ಅವರ ಸೇವಾ ಪುಸ್ತಕದಿಂದ ಅಳಿದು ನನ್ನ ಸೇವಾ ಪುಸ್ತಕಕ್ಕೆ ಬರುವುದನ್ನು ಅವರು ಕಣ್ಣಾರೆ ನೋಡಬೇಕು. ಅಷ್ಟಾದ ಮೇಲೆ ಒಂದು ದಿನ ನಾನು ಕೂರಿ ಎಜೆ ಎಂದರೆ, ಅವರು ನನ್ನ ಎದುರು ಕೂರಬೇಕು.